ಬೈರಮ್ಮನವರು ಒಪ್ಪಿದ ಮನೆ

ಶ್ರೀರಾಂಪುರಕ್ಕೂ ಮಲ್ಲೇಶ್ವರಕ್ಕೂ ನಡುವೆ ಇರುವುದು ರೈಲು ಹಳಿ ಮಾತ್ರ. ಈ ಕಡೆ ನಿಂತು ಕೂಗಿದರೆ ಆ ಕಡೆಯವರಿಗೆ ಕೇಳಿಸುತ್ತದೆ. ಆದರೂ ಆ ಹಳಿ ದಾಟಿ ಮನೆ ಮಾಡುವುದಕ್ಕೆ ಬೈರಮ್ಮನವರಿಗೆ ಒಂದೂವರೆ ವರ್ಷ ಹಿಡಿಯಿತು.

ಬೈರಮ್ಮನವರು ಶ್ರೀರಾಂಪುರದ ಕಾರ್ಪೊರೇಷನ್ ಶಾಲೆಯೊಂದರಲ್ಲಿ ಹೊಲಿಗೆ ಟೀಚರು. ಅವರ ಅಪ್ಪ, ಮಾವ ಇಬ್ಬರೂ ಬಟ್ಟೆ ಮಿಲ್ಲಿನಲ್ಲಿ ದುಡಿದವರು. ಗಂಡ ಹನುಮಂತಯ್ಯ ಆ ಮನೆತನದಲ್ಲಿ ಮೊದಲು ಎಸ್.ಎಸ್.ಎಲ್.ಸಿ. ಪಾಸು ಮಾಡಿ, ಕಬ್ಬನ್ ಪಾರ್ಕಿನ ಹತ್ತಿರದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅವರ ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ, ಅದರ ಪಕ್ಕದಲ್ಲಿ ಬುದ್ಧನ ಕ್ಯಾಲೆಂಡರು, ಬುದ್ಧನ ಕೆಳಗೆ ಅತ್ತೆ ಹನುಮಕ್ಕನ ಮಾರಮ್ಮ. ಮೂವರಿಗೂ ಒಂದೇ ಮೊಳದಿಂದ ಹೂವು ಹರಿದು ಇಡುತ್ತಿದ್ದರು. ಒಂದೂವರೆ ಕೋಣೆಯ ಮನೆ, ಇಬ್ಬರು ಹೆಣ್ಣುಮಕ್ಕಳು. ಬೈರಮ್ಮನವರಿಗೆ ಆ ಮನೆಯ ಬಗ್ಗೆ ದೂರೇನೂ ಇರಲಿಲ್ಲ.

ಎಪ್ಪತ್ತಾರನೇ ಇಸವಿಯಲ್ಲಿ ದೊಡ್ಡ ಮಗಳು ಸುಜಾತ ಎಂಟನೇ ಕ್ಲಾಸಿಗೆ ಬಂದಳು. ಮಲ್ಲೇಶ್ವರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತು. ಸ್ಕೂಲಿಗೆ ಹೋಗಬೇಕಾದರೆ ಹಳಿ ದಾಟಬೇಕು. ಹಳಿಯ ಮೇಲೆ ಬೆಳಿಗ್ಗೆ ಹೊತ್ತು ಗೂಡ್ಸ್ ಗಾಡಿ ಬಂದು ನಿಂತುಬಿಟ್ಟರೆ ಅದು ಯಾವಾಗ ಹೊರಡುತ್ತದೆ ಎಂದು ಸ್ಟೇಷನ್ ಮಾಸ್ತರಿಗೂ ಗೊತ್ತಿರುತ್ತಿರಲಿಲ್ಲ. ಒಂದು ದಿನ ಬೈರಮ್ಮನವರು ಸೊಪ್ಪು ಕೊಳ್ಳುವುದಕ್ಕೆಂದು ಹಳಿಯ ಹತ್ತಿರ ಹೋದವರು ನೋಡುತ್ತಾರೆ, ಗೂಡ್ಸ್ ಡಬ್ಬಿಯ ಕೆಳಗಿನಿಂದ ತಾವೇ ಹೆಣೆದು ಕಟ್ಟಿದ ಎರಡು ಜಡೆ, ತಾವೇ ಹೊಲಿದ ನೀಲಿ ಲಂಗ ತೆವಳಿಕೊಂಡು ಆ ಕಡೆಗೆ ಹೋಗುತ್ತಿವೆ. ಸುಜಾತ ಎದ್ದು ಮಂಡಿ ಒದರಿಕೊಂಡು ಸ್ಕೂಲಿಗೆ ಹೊರಟುಹೋದಳು. ಸ್ವಲ್ಪ ಹೊತ್ತಿಗೆ ಗಾಡಿ ಹೊರಟಿತು. ಬೈರಮ್ಮನವರು ಸೊಪ್ಪು ಕೊಳ್ಳದೆ ಮನೆಗೆ ಬಂದರು.

ಸಂಜೆ ಮಗಳನ್ನು ಬೈಯಲಿಲ್ಲ. ಗಂಡ ಬಂದು ಚಪ್ಪಲಿ ಬಿಡುವ ಮೊದಲೇ, ಮನೆ ಬದಲಾಯಿಸಬೇಕು ಎಂದು ಹೇಳಿಬಿಟ್ಟರು.

ಹನುಮಂತಯ್ಯನವರು ಶಾಂತ ಸ್ವಭಾವದವರು. ಹೆಂಡತಿಯ ಮಾತನ್ನು ಒಪ್ಪಿದರು, ಆದರೆ ಅವರದೂ ಒಂದು ಷರತ್ತಿತ್ತು. ಅವರಿಗೆ ಬಸ್ಸಿನಲ್ಲಿ ನಿಂತು ಹೋದರೆ ಹೊಟ್ಟೆ ತೊಳಸುತ್ತಿತ್ತು. ಕಿಟಕಿ ಪಕ್ಕದ ಸೀಟು ಸಿಕ್ಕಿದ ದಿನ ಮಾತ್ರ ಅವರು ಆಫೀಸಿನಲ್ಲಿ ಮನುಷ್ಯರಂತೆ ಕೆಲಸ ಮಾಡುತ್ತಿದ್ದರು, ಮಿಕ್ಕ ದಿನ ಹನ್ನೊಂದು ಗಂಟೆಯವರೆಗೂ ನಿಂಬೆಹಣ್ಣು ಮೂಸುತ್ತ ಕೂತಿರುತ್ತಿದ್ದರು. ಶ್ರೀರಾಂಪುರಕ್ಕೆ ಬರುವ ಹೊತ್ತಿಗೆ ಎಲ್ಲ ಬಸ್ಸೂ ತುಂಬಿರುತ್ತಿತ್ತು. ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಲ್ಲಾದರೆ ಬಸ್ಸು ಅಲ್ಲೇ ಹುಟ್ಟಿ ಹೊರಡುತ್ತದೆ, ಬೇಕಾದ ಸೀಟು ಆರಿಸಿಕೊಳ್ಳಬಹುದು ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಮನೆ ಬಸ್ಸು ಹುಟ್ಟುವ ಜಾಗದ ಹತ್ತಿರವೇ ಇರಬೇಕು ಎಂದರು.

ಹನುಮಕ್ಕನಿಗೆ ಶ್ರೀರಾಂಪುರ ಬಿಡುವುದೇ ಇಷ್ಟವಿರಲಿಲ್ಲ. ಬಿಡಲೇಬೇಕೆಂದರೆ ಮುಂದೆ ಜಗಲಿಯೋ ಮೆಟ್ಟಿಲೋ ಏನಾದರೂ ಇರಲಿ, ಎಲೆ ಅಡಿಕೆ ಹಾಕಿಕೊಂಡು ಹೋಗುವ ಬರುವ ಜನರನ್ನು ನೋಡುತ್ತ ಕೂರುವಂತಿರಲಿ ಎಂದರು. ಬಾಡಿಗೆ ಹನುಮಂತಯ್ಯನ ಸಂಬಳದ ಕಾಲು ಭಾಗ ದಾಟಬಾರದು ಎನ್ನುವುದು ಎಲ್ಲರೂ ಒಪ್ಪಿದ ಮಾತು.

ಸ್ಕೂಲಿನ ಹತ್ತಿರ ಹೋದಷ್ಟೂ ಬಾಡಿಗೆ ಏರುತ್ತಿತ್ತು. ಬಾಡಿಗೆ ಕಡಿಮೆಯಾದ ಮತ್ತಿಕೆರೆ ಕಡೆ ಹೋದರೆ ಬಸ್ಸು ಆಗಲೇ ತುಂಬಿಕೊಂಡು ಬರುತ್ತಿತ್ತು. ಹನುಮಂತಯ್ಯನವರ ಆಫೀಸಿನ ನಂಜಪ್ಪ ಬಸವನಗುಡಿಯವರು. ಅಲ್ಲಿ ಗಾಳಿ ಚೆನ್ನ, ನೀರು ಚೆನ್ನ, ಸ್ಕೂಲುಗಳಂತೂ ಬೇಕಾದಷ್ಟಿವೆ, ಮಲ್ಲೇಶ್ವರದಲ್ಲಿ ಏನಿದೆ ಎಂದು ಊಟದ ಹೊತ್ತಿನಲ್ಲಿ ದಿನಾ ಹೇಳುತ್ತಿದ್ದರು. ಅದನ್ನು ಹನುಮಂತಯ್ಯ ಮನೆಗೆ ಬಂದು ಹೇಳಿದರು. ಹಳಿ ದಾಟುವುದು ತಪ್ಪಲಿ ಅಂತ ಮನೆ ಹುಡುಕುತ್ತಿದ್ದೇವೆ, ನೀವು ಊರನ್ನೇ ದಾಟಿಸ್ತೀರಲ್ಲ ಎಂದು ಬೈರಮ್ಮನವರು ಆ ಮಾತನ್ನು ಅಲ್ಲಿಗೇ ಮುಗಿಸಿದರು. ಚಾಮರಾಜಪೇಟೆಯಲ್ಲಿದ್ದ ಅವರ ಅಣ್ಣ ಒಂದು ಮನೆ ತೋರಿಸಿದರು. ಬಾಡಿಗೆ ಸರಿಯಿತ್ತು, ಜಗಲಿಯೂ ಇತ್ತು. ಆದರೆ ಬೈರಮ್ಮನವರು ಕೆಲಸಕ್ಕೆ ಬರಲು ಎರಡು ಬಸ್ಸು, ಸುಜಾತ ಸ್ಕೂಲಿಗೆ ಬರಲು ಎರಡು ಬಸ್ಸು. ಹನುಮಕ್ಕ ಮಾತ್ರ ಆ ಜಗಲಿಯನ್ನು ಬಹಳ ದಿನ ನೆನೆಸಿಕೊಳ್ಳುತ್ತಿದ್ದರು.

ಕೊನೆಗೆ ಮಲ್ಲೇಶ್ವರವೇ ಎಂದು ತೀರ್ಮಾನವಾಯಿತು. ಹುಡುಕಿಕೊಡುವ ಕೆಲಸ ವಹಿಸಿಕೊಂಡವರು ಇಸ್ತ್ರಿ ದಾಸಪ್ಪ. ದಾಸಪ್ಪನ ಮನೆ ಶ್ರೀರಾಂಪುರದಲ್ಲಿ, ಇಸ್ತ್ರಿ ಗಾಡಿ ಮಲ್ಲೇಶ್ವರದಲ್ಲಿ. ಯಾವ ಮನೆಯ ಬಟ್ಟೆ ಗಂಟು ಇದ್ದಕ್ಕಿದ್ದಂತೆ ಚಿಕ್ಕದಾಯಿತು ಎಂದು ನೋಡಿ ಯಾವ ಮನೆ ಖಾಲಿಯಾಗುತ್ತಿದೆ ಎಂದು ಟು-ಲೆಟ್ ಬೋರ್ಡು ಬೀಳುವುದಕ್ಕೆ ಮುಂಚೆಯೇ ಅವರಿಗೆ ಗೊತ್ತಾಗುತ್ತಿತ್ತು.

ಮೊದಲನೆಯ ಮನೆಯನ್ನು ನೋಡಲು ಗಂಡ ಹೆಂಡತಿ ಭಾನುವಾರ ಬೆಳಿಗ್ಗೆ ಹೋದರು. ಮಾಲೀಕರು ಬಹಳ ಮರ್ಯಾದಸ್ಥರು. ನಡುಮನೆ, ಅಡುಗೆಮನೆ, ಬಚ್ಚಲು ಎಲ್ಲ ತೋರಿಸಿದರು. ಬಚ್ಚಲು ತೋರಿಸಿ ಹೊರಗೆ ಬಂದ ಮೇಲೆ, ಬಾಡಿಗೆ ಹೇಳುವ ಮುಂಚೆ, ಸ್ವಲ್ಪ ಕೆಮ್ಮಿ, ತಮ್ಮ ಮನೆದೇವರು ಯಾವುದು ಎಂದು ಕೇಳಿದರು. ಹನುಮಂತಯ್ಯ ಸುಳ್ಳು ಹೇಳುವವರಲ್ಲ. ಬುದ್ಧ ಎಂದರು. ಮಾಲೀಕರು ಕಣ್ಣುಮುಚ್ಚಿ ಯೋಚಿಸಿದರು. ಬುದ್ಧನನ್ನು ಮನೆದೇವರಾಗಿ ಉಳ್ಳ ಜನ ಯಾರು ಎಂದು ಅವರು ಲೆಕ್ಕ ಹಾಕುತ್ತಿದ್ದುದು ಮುಖದ ಮೇಲೇ ಕಾಣುತ್ತಿತ್ತು. ಲೆಕ್ಕ ಮುಗಿದಾಗ ಅವರಿಗೆ ನೆನಪಾಯಿತು, ಅಳಿಯನಿಗೆ ಬೆಂಗಳೂರಿಗೆ ವರ್ಗವಾಗಿದೆಯಂತೆ, ಮುಂದಿನ ತಿಂಗಳೇ ಬಂದು ಈ ಮನೆಯಲ್ಲಿ ಇರುತ್ತಾನಂತೆ.

ಎರಡನೆಯ ಮನೆಯವರು ನೀವು ಯಾವ ಕಡೆಯವರು ಎಂದು ಕೇಳಿದರು. ಹನುಮಂತಯ್ಯ ಹಳಿ ಆ ಕಡೆಯವರು ಎಂದರು. ಆ ಮನೆಗೂ ಅಳಿಯ ಬರುವವನಿದ್ದ. ಮೂರನೆಯ ಮನೆಯವರಿಗೆ ಇದ್ದದ್ದು ಗಂಡುಮಕ್ಕಳು, ಆದ್ದರಿಂದ ತಂಗಿಯ ಅಳಿಯ ಬರುವವನಾದ. ಸಂಪಿಗೆ ರಸ್ತೆಯಲ್ಲಿ ವಾಪಸ್ಸು ನಡೆಯುತ್ತ ಹನುಮಂತಯ್ಯ, ಪಾಪ, ನಿಜವಾಗಿಯೂ ವರ್ಗವಾಗಿರಬಹುದು, ಇದು ಜೂನ್ ತಿಂಗಳಲ್ಲವೇ ಎಂದರು. ಬೈರಮ್ಮನವರಿಗೆ ಒಂದು ಬಾಗಿಲ ಮುಂದೆ ಹೂಂ ಎಂದು ತಲೆಯಾಡಿಸಿ ಬರುವುದು ಕಷ್ಟವಾಗಿರಲಿಲ್ಲ. ಮೂರು ಬಾಗಿಲಿನಲ್ಲಿ ಮೂರು ಸಲ ಕೈಮುಗಿಸಿಕೊಂಡು ಬಂದದ್ದು ಅವರಿಗೆ ಊಟ ಸೇರದ ಹಾಗೆ ಮಾಡಿತು. ಅಂದು ರಾಗಿಮುದ್ದೆ ಮುರಿಯುತ್ತ ಅವರು ಒಂದು ವಿಷಯ ಗಮನಕ್ಕೆ ತಂದುಕೊಂಡರು. ಆ ಪ್ರಶ್ನೆ ಬರುವುದು ಯಾವಾಗಲೂ ಬಚ್ಚಲು ತೋರಿಸಿದ ಮೇಲೆ.

ಮುಂದಿನ ಭಾನುವಾರ ನಾಲ್ಕನೆಯ ಮನೆಗೆ ಹೋದಾಗ ಅವರು ಗಂಡನಿಗೆ ಮಾತಾಡಬೇಡಿ ಎಂದು ಹೇಳಿ ಕರೆದುಕೊಂಡು ಹೋದರು. ಮಾಲೀಕರು ಬಚ್ಚಲ ಬಾಗಿಲು ತೆರೆದರೋ ಇಲ್ಲವೋ, ಬೈರಮ್ಮನವರು ಮೂಗಿಗೆ ಸೆರಗು ಹಿಡಿದು, ಈ ಮನೆ ನಮಗೆ ಆಗೋದಿಲ್ಲ ಎಂದುಬಿಟ್ಟರು. ಮಾಲೀಕರು ಬಾಯಿ ತೆರೆದಿದ್ದರು, ಕೆಮ್ಮುವುದಕ್ಕೂ ಸಿದ್ಧವಾಗಿದ್ದರು. ಕೆಮ್ಮು ಅಲ್ಲೇ ನಿಂತಿತು. ಏಕೆ ಆಗುವುದಿಲ್ಲ ಎಂದು ಕೇಳಿದ್ದಕ್ಕೆ ಬೆಳಕಿಲ್ಲ ಎಂದರು. ಬೀದಿಗೆ ಬಂದ ಮೇಲೆ ಹನುಮಂತಯ್ಯ, ಒಳ್ಳೇ ಮನೆಯಾಗಿತ್ತಲ್ಲ ಎಂದರೆ, ಬೈರಮ್ಮನವರು ಎಂದೂ ಇಲ್ಲದ ಉತ್ಸಾಹದಿಂದ ನಡೆಯುತ್ತಿದ್ದರು.

"ಈ ಸಲ ನಾವೇ ಬೇಡ ಅಂದ್ವಲ್ಲ," ಎಂದರು. "ಬನ್ನಿ, ಒಂದು ಮಸಾಲೆದೋಸೆ ತಿಂದು ಹೋಗೋಣ."

ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು. ಒಂದು ಮನೆಗೆ ನೀರಿನ ತೊಟ್ಟಿ ಚಿಕ್ಕದು, ಇನ್ನೊಂದಕ್ಕೆ ಬಾಗಿಲು ಗಿಡ್ಡ, ಮತ್ತೊಂದಕ್ಕೆ ಅಂಗಳದಲ್ಲಿ ಪಾರಿಜಾತದ ಮರ. ಇಷ್ಟು ಹೂವು ಉದುರಿದರೆ ದಿನಾ ಗುಡಿಸುವವರು ಯಾರು ಎಂದು ಕೇಳಿ, ಆ ಮರವನ್ನು ಅಜ್ಜನ ಕಾಲದಿಂದ ಪೂಜಿಸಿಕೊಂಡು ಬಂದಿದ್ದ ಮಾಲೀಕರನ್ನು ಮೂಕರನ್ನಾಗಿ ಮಾಡಿ ಬಂದರು. ಆ ವರ್ಷವೆಲ್ಲ ಸುಜಾತಳನ್ನು ಬೆಳಿಗ್ಗೆ ಅವರೇ ಕೈಹಿಡಿದು ಹಳಿ ದಾಟಿಸಿ, ಓಡಿ ಬಂದು ತಮ್ಮ ಶಾಲೆಗೆ ಸೇರುತ್ತಿದ್ದರು. ಭಾನುವಾರ ಬಂದರೆ ಒಂದು ಮನೆಯನ್ನು ತಿರಸ್ಕರಿಸಿ ದೋಸೆ ತಿಂದು ಬರುತ್ತಿದ್ದರು. ದಾಸಪ್ಪನಿಗೆ ತಲೆಕೆಟ್ಟಿತು. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ, ಈ ಯಮ್ಮನಿಗೆ ವಿಧಾನಸೌಧ ತೋರಿಸಿದ್ರೂ ಮೆಟ್ಟಿಲು ಜಾಸ್ತಿ ಅಂತಾರೆ ಎಂದು ಹೇಳಿಕೊಂಡು ತಿರುಗಿದರು.

ಹೀಗಿರುವಾಗ ದಾಸಪ್ಪ ಅವರನ್ನು ಮಲ್ಲೇಶ್ವರದಲ್ಲಿ ನಾವಿದ್ದ ಬೀದಿಗೆ, ಶೀನಣ್ಣನವರ ಮನೆಗೆ ಕರೆದುಕೊಂಡು ಬಂದರು.

ಶೀನಣ್ಣನವರು ರಿಟೈರಾದ ಓವರ್‌ಸಿಯರು. ಮೂವತ್ತು ವರ್ಷ ಬೇರೆಯವರು ಕಟ್ಟಿದ ಕಟ್ಟಡಗಳಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವರು. ತಮ್ಮ ಮನೆಯನ್ನು ತಾವೇ ನಕ್ಷೆ ಹಾಕಿ, ತಾವೇ ಬಿಸಿಲಿನಲ್ಲಿ ನಿಂತು ಕಟ್ಟಿಸಿದ್ದರು. ಅವರಿಗೂ ಹೆಂಡತಿ ಅಲಮೇಲು ಅವರಿಗೂ ಮಕ್ಕಳಿರಲಿಲ್ಲ. ಮನೆಯ ಹಿಂಭಾಗದ ಪೋರ್ಷನ್ ಬಾಡಿಗೆಗಿತ್ತು. ಹೈಸ್ಕೂಲು ಎರಡು ಬೀದಿ ಆಚೆ, ಬಸ್ಸು ಹುಟ್ಟುವ ಜಾಗ ಐದು ನಿಮಿಷದ ದಾರಿ, ಪಕ್ಕದ ಓಣಿಗೆ ತೆರೆಯುವ ಮೆಟ್ಟಿಲ ಮೇಲೆ ಹನುಮಕ್ಕ ಎಲೆ ಅಡಿಕೆ ಹಾಕಿಕೊಂಡು ಕೂರಬಹುದಾದಷ್ಟು ಜಾಗ. ಬಾಡಿಗೆಯೂ ಕಾಲು ಭಾಗದ ಒಳಗೇ. ಒಳಗೆ ಕಾಲಿಡುವ ಮೊದಲೇ ಬೈರಮ್ಮನವರಿಗೆ ಇದೇ ಮನೆ ಎಂದು ಅನ್ನಿಸಿಬಿಟ್ಟಿತು. ಅನ್ನಿಸಿದ್ದರಿಂದಲೇ ಅವರಿಗೆ ಭಯವಾಯಿತು.

ಶೀನಣ್ಣನವರು ಬಚ್ಚಲ ಬಾಗಿಲು ತೆರೆದರು. ಬೈರಮ್ಮನವರು ಸರಿಯಾಗಿ ನೋಡಲೂ ಇಲ್ಲ. ಹಂಡೆಯ ಪಕ್ಕದಲ್ಲಿದ್ದ ಚೊಂಬಿನಿಂದ ನೀರು ತೆಗೆದು ನೆಲದ ಮೇಲೆ ಸುರಿದು, ವಾಟ ಸರಿಯಿಲ್ಲ, ನೀರು ಮೋರಿಗೆ ಹೋಗದೆ ಬಾಗಿಲಿಗೆ ಬರತ್ತೆ, ನಮಗೆ ಈ ಮನೆ ಬೇಡ ಎಂದರು. ಬಾಯಿಗೆ ಬಂದದ್ದನ್ನು ಹೇಳಿದ್ದರು ಅಷ್ಟೆ. ಆದರೆ ನೀರು ನಿಜವಾಗಿಯೂ ಒಂದು ಕ್ಷಣ ಯೋಚನೆ ಮಾಡಿ, ಮೋರಿಯ ಕಡೆ ಬೆನ್ನು ತಿರುಗಿಸಿ, ಶೀನಣ್ಣನವರ ಕಾಲ ಕೆಳಗೆ ಬಂದು ನಿಂತಿತು.

ಶೀನಣ್ಣನವರು ಪಂಚೆ ಎತ್ತಿ ಹಿಡಿದು ನೋಡುತ್ತಾ ನಿಂತರು. ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಲಮೇಲು ಅವರಿಗೆ ನಗು ತಡೆಯಲಾಗಲಿಲ್ಲ.

"ಗೃಹಪ್ರವೇಶದ ದಿನದಿಂದ ನಾನೂ ಇದನ್ನೇ ಹೇಳ್ತಿದೀನಿ," ಎಂದರು. "ನನ್ನ ಮಾತು ಕೇಳೋರು ಯಾರು?"

ಬೈರಮ್ಮನವರು ಆ ಹೊತ್ತಿಗೆ ಗೇಟು ದಾಟಿದ್ದರು.

ಮೂರು ದಿನದ ಮೇಲೆ ದಾಸಪ್ಪ ಬಂದು, ಶೀನಣ್ಣನವರು ಗಾರೆಯವನನ್ನು ಕರೆಸಿ ಬಚ್ಚಲ ನೆಲ ಕೀಳಿಸಿ ಹೊಸದಾಗಿ ಹಾಕಿಸಿದ್ದಾರೆ, ಆ ಯಮ್ಮ ಬಂದು ನೀರು ಸುರಿದು ನೋಡಲಿ ಅಂತ ಹೇಳಿಕಳಿಸಿದ್ದಾರೆ ಎಂದರು. ಬೈರಮ್ಮನವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತಿರಸ್ಕರಿಸಿದ ಮನೆಯವರು ಮತ್ತೆ ಕರೆದದ್ದು ಇದೇ ಮೊದಲು. ಹೋದರು. ನೀರು ಸುರಿದರು, ನೀರು ಸೀದಾ ಮೋರಿಗೆ ಹೋಯಿತು. ಶೀನಣ್ಣನವರ ಮುಖ ಅರಳಿತು, ಕೆಮ್ಮಿದರು. ಕೆಮ್ಮು ಕೇಳಿದ ಕೂಡಲೇ ಬೈರಮ್ಮನವರು ಅಡುಗೆಮನೆಗೆ ನುಗ್ಗಿ, ಇಲ್ಲಿ ಕಿಟಕಿಯೇ ಇಲ್ಲವಲ್ಲ, ಹೊಗೆಗೆ ಮಕ್ಕಳು ಕೆಮ್ಮಿ ಸಾಯ್ತಾವೆ, ಬೇಡ ಎಂದು ಹೇಳಿ ಹೊರಟೇಬಿಟ್ಟರು. ಶೀನಣ್ಣನವರು ಕೆಮ್ಮಿದ್ದು ನೆಗಡಿಯಿಂದ ಎಂದು ಅಲಮೇಲು ಅವರು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದರು.

ಅದಾದ ಎರಡನೆಯ ವಾರ, ಶನಿವಾರ ಮಧ್ಯಾಹ್ನ, ಶೀನಣ್ಣನವರು ಛತ್ರಿ ಹಿಡಿದುಕೊಂಡು ತಾವೇ ಶ್ರೀರಾಂಪುರಕ್ಕೆ ಬಂದರು. ಮಲ್ಲೇಶ್ವರದಲ್ಲಿ ಅಷ್ಟು ವರ್ಷ ಇದ್ದರೂ ಅವರು ಹಳಿ ದಾಟಿದ್ದು ಅಂದೇ ಮೊದಲು. ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಹೊಲಿಗೆ ಟೀಚರ ಮನೆ ಯಾವುದು ಎಂದು ಕೇಳಿದ್ದರಿಂದ ಅವರ ಹಿಂದೆ ಅರ್ಧ ಬೀದಿಯೇ ಬಂದಿತ್ತು. ಹನುಮಂತಯ್ಯ ಗಾಬರಿಯಿಂದ ಕುರ್ಚಿ ಒರೆಸಿ ಹಾಕಿದರು. ಶೀನಣ್ಣನವರು ಕೂತು ಬೆವರು ಒರೆಸಿಕೊಂಡು ತಲೆಯೆತ್ತಿದರು. ಎದುರಿಗೆ ಬಾಬಾಸಾಹೇಬರ ಫೋಟೋ, ಬುದ್ಧ, ಮಾರಮ್ಮ.

ಬೈರಮ್ಮನವರು ಕಾಫಿ ತಂದು ಅವರ ಪಕ್ಕದ ಸ್ಟೂಲಿನ ಮೇಲಿಟ್ಟು ಗೋಡೆಗೊರಗಿ ನಿಂತರು. ಕುಡಿಯಿರಿ ಎಂದು ಹೇಳಲಿಲ್ಲ. ಹನುಮಂತಯ್ಯ ಹೇಳಲು ಹೊರಟಾಗ ಕಣ್ಣಲ್ಲೇ ತಡೆದರು. ಲೋಟದಿಂದ ಹಬೆ ಏಳುತ್ತಿತ್ತು. ಶೀನಣ್ಣನವರು ಲೋಟವನ್ನು ನೋಡಿದರು, ಫೋಟೋ ನೋಡಿದರು, ಛತ್ರಿಯ ಹಿಡಿಯನ್ನು ಎರಡು ಸಲ ತಿರುಗಿಸಿದರು. ಆಮೇಲೆ ಬಂದ ಕೆಲಸವನ್ನೇ ಹೇಳುವುದು ಸುಲಭವೆಂದು ಅವರಿಗೆ ಕಂಡಿರಬೇಕು, ಅಡುಗೆಮನೆಗೆ ಕಿಟಕಿ ಇಡಿಸಿದ್ದಾಗಿ ಹೇಳಿದರು.

ಯಾವ ದಿಕ್ಕಿಗೆ ಎಂದು ಬೈರಮ್ಮನವರು ಕೇಳಿದರು.

ಉತ್ತರಕ್ಕೆ ಎಂದರು. ಉತ್ತರಕ್ಕೆ ಇಟ್ಟರೆ ಗಾಳಿ ಒಳಗೆ ಬರುವುದಿಲ್ಲ, ಪೂರ್ವಕ್ಕೆ ಇಡಬೇಕಿತ್ತು ಎಂದು ಬೈರಮ್ಮನವರು ಹೇಳಿದರು. ಪೂರ್ವಕ್ಕಿಟ್ಟರೆ ಅಡುಗೆಮನೆಯ ಹೊಗೆಯೆಲ್ಲ ತಮ್ಮ ದೇವರಮನೆಗೇ ಬರುತ್ತದೆ, ಉತ್ತರಕ್ಕಿಟ್ಟರೆ ಅದು ಹೋಗುವುದು ಒಡಹುಟ್ಟಿದ ತಮ್ಮ ರಾಮಾನುಜನ ಮನೆಗೆ ಎಂದು ಶೀನಣ್ಣನವರು ವಿವರಿಸಿದರು. ಪಕ್ಕದ ಮನೆಯ ಆ ತಮ್ಮನಿಗೂ ಅವರಿಗೂ ಕಾಂಪೌಂಡ್ ಗೋಡೆಯ ವಿಷಯದಲ್ಲಿ ಏಳು ವರ್ಷದಿಂದ ಮಾತಿರಲಿಲ್ಲ. ಗೋಡೆಯನ್ನು ರಾಮಾನುಜ ಒಂದು ಗೇಣು ಈ ಕಡೆ ಸರಿಸಿ ಕಟ್ಟಿಕೊಂಡದ್ದು, ಕೇಳಿದರೆ ಅಳತೆಯೇ ತಪ್ಪು ಅಂದದ್ದು, ಅದೂ ಒಬ್ಬ ಓವರ್‌ಸಿಯರಿಗೆ ಅಂದದ್ದು, ಇಷ್ಟನ್ನೂ ಹೇಳುವಾಗ ಅವರು ಏರುಧ್ವನಿಗೆ ಬಂದಿದ್ದರು. ಬೈರಮ್ಮನವರೂ ಸುಮ್ಮನಿರಲಿಲ್ಲ. ಕಿಟಕಿಯ ಮೇಲೆ ಮಳೆಗೆ ಅಡ್ಡವಾಗಿ ಸಜ್ಜಾ ಹಾಕಿಸಿದ್ದೀರಾ ಎಂದು ಕೇಳಿದರು. ಸಜ್ಜಾ ಇಲ್ಲದೆ ಕಿಟಕಿ ಇಡಲು ತಾನೇನು ದಡ್ಡನೇ ಎಂದು ಶೀನಣ್ಣನವರು ಗುಡುಗಿ, ಗಂಟಲು ಆರಿದ್ದರಿಂದ ಪಕ್ಕದಲ್ಲಿದ್ದ ಲೋಟ ಎತ್ತಿ ಕುಡಿದು ಮಾತು ಮುಂದುವರಿಸಿದರು.

ಲೋಟ ಕೆಳಗಿಟ್ಟ ಮೇಲೆ ಅದು ಖಾಲಿಯಾಗಿರುವುದನ್ನು ಅವರೇ ಸ್ವಲ್ಪ ಹೊತ್ತು ನೋಡಿದರು. ಕೋಣೆಯಲ್ಲಿದ್ದವರೂ ನೋಡಿದರು.

ಬೈರಮ್ಮನವರು ಗೋಡೆಯಿಂದ ಮುಂದೆ ಬಂದು ನಿಂತರು.

"ಸಾರ್, ನಾವು ಯಾರು ಅಂತ ನಿಮಗೀಗ ಗೊತ್ತಾಯ್ತಲ್ಲ. ಇನ್ನು ನಿಮ್ಮ ಅಳಿಯನೂ ಬರ್ತಾರೇನೋ, ಹೇಳಿಬಿಡಿ."

"ನನಗೆ ಮಕ್ಕಳೇ ಇಲ್ಲವಲ್ಲಮ್ಮ," ಎಂದರು ಶೀನಣ್ಣನವರು, ಕಂಗಾಲಾಗಿ. "ಅಳಿಯ ಎಲ್ಲಿಂದ ಬರ್ತಾನೆ?"

ಹನುಮಕ್ಕ ಮೊದಲು ನಕ್ಕರು. ಬಾಗಿಲಲ್ಲಿ ನಿಂತಿದ್ದ ಅರ್ಧ ಬೀದಿಗೆ ಏಕೆಂದು ತಿಳಿಯದಿದ್ದರೂ ಅವರೂ ನಕ್ಕರು. ಬೈರಮ್ಮನವರು ಮಾತ್ರ ನಗಲಿಲ್ಲ. ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದರು ಎಂದು ಸುಜಾತ ಹೇಳುತ್ತಾಳೆ. ಅವರು ಅದನ್ನು ಎಂದೂ ಒಪ್ಪಿಕೊಂಡಿಲ್ಲ.

ಶೀನಣ್ಣನವರು ತೀರ್ಮಾನವನ್ನು ಅಲ್ಲೇ ಹೇಳಲಿಲ್ಲ, ಮನೆಯಲ್ಲಿ ಒಂದು ಮಾತು ಕೇಳಬೇಕು ಎಂದು ಎದ್ದು ಹೋದರು. ಅದು ನ್ಯಾಯವಾದ ಮಾತೇ. ಅಲಮೇಲು ಅವರು ಮಡಿ ಮೈಲಿಗೆ ನೋಡುವವರು, ಏಕಾದಶಿ ತಪ್ಪಿಸಿದವರಲ್ಲ. ಅಂದು ಸಂಜೆ ಗಂಡ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರಂತೆ. ಆಮೇಲೆ ಅಡುಗೆಮನೆಯ ಸೂರಿನ ಕಡೆ ಬೆರಳು ತೋರಿಸಿದರಂತೆ.

"ಆಕೆ ಬರ್ಲಿ," ಎಂದರಂತೆ. "ನಮ್ಮ ಕಡೆ ಹೆಂಚು ಸೋರೋದು ಇನ್ನೂ ಬಾಕಿ ಇದೆ."

ಎಪ್ಪತ್ತೆಂಟರ ಜನವರಿಯಲ್ಲಿ ಅವರು ಒಂದು ಕೈಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದರು. ಹನುಮಕ್ಕ ಗಾಡಿಯ ಹಿಂದೆ ಹೊಲಿಗೆ ಮಿಷನ್ನಿನ ತಲೆಯನ್ನು ಮಡಿಲಲ್ಲಿ ಎತ್ತಿಕೊಂಡು ಬಂದು, ಓಣಿಯ ಮೆಟ್ಟಿಲ ಮೇಲೆ ಕೂತು, ಸಾಮಾನು ಇಳಿಸುವವರೆಗೂ ಏಳಲಿಲ್ಲ. ರಾಮಾನುಜನವರು ತಮ್ಮ ಗೇಟಿನಲ್ಲಿ ನಿಂತು ನೋಡಿ, ಅಣ್ಣನ ಜೊತೆ ಏಳು ವರ್ಷದ ಮೇಲೆ ಮೊದಲ ಬಾರಿಗೆ ಮಾತಾಡಿದರು. ಬೀದಿಯ ಮರ್ಯಾದೆ ಏನಾಯಿತು ಎಂದು ಕೇಳಿದರು. ಒಂದು ಗೇಣು ಈ ಕಡೆ ಸರಿದಿದೆ ಎಂದು ಶೀನಣ್ಣನವರು ಉತ್ತರ ಕೊಟ್ಟು ಒಳಗೆ ಹೋದರು. ಬೀದಿಯಲ್ಲಿ ಇನ್ನೂ ಒಂದಿಬ್ಬರು ಮುಖ ತಿರುಗಿಸಿಕೊಂಡರು. ಒಂದು ಮನೆಯವರು ಶ್ರಾವಣದ ಅರಿಸಿನ ಕುಂಕುಮಕ್ಕೆ ಅಲಮೇಲು ಅವರನ್ನು ಆ ವರ್ಷ ಕರೆಯಲಿಲ್ಲ. ನಮ್ಮ ಮನೆಯಲ್ಲಿ ಏನಂದುಕೊಂಡರು ಎಂದರೆ, ಹೇಗೂ ಶೀನಣ್ಣನವರ ಮನೆಯಲ್ಲಿ ನಿಲ್ಲುವ ಬಾಡಿಗೆದಾರರು ಯಾರೂ ಇಲ್ಲ, ಬಚ್ಚಲು ನೋಡಿದ ಮೇಲೆ ಇವರೂ ಹೋಗುತ್ತಾರೆ ಎಂದು. ಅದರ ನೆಲ ಹೊಸದಾದದ್ದು ನಮಗಾರಿಗೂ ಗೊತ್ತಿರಲಿಲ್ಲ.

ಭಾನುವಾರ ಬೈರಮ್ಮನವರ ಮನೆಯಲ್ಲಿ ಮೀನಿನ ಸಾರು. ಅಲಮೇಲು ಅವರು ಗಂಡನ ಮೂಲಕ ಆಕ್ಷೇಪಣೆ ಕಳಿಸಿದರು. ಕಿಟಕಿ ಇಟ್ಟವರು ಶೀನಣ್ಣನವರೇ, ವಾಸನೆ ಯಾವ ಕಡೆ ಹೋಗಲಿ ಎಂದು ಯೋಚಿಸಿಯೇ ಇಟ್ಟಿರುತ್ತಾರೆ ಎಂದು ಬೈರಮ್ಮನವರು ಉತ್ತರ ಕಳಿಸಿದರು. ಶೀನಣ್ಣನವರು ಆ ಭಾನುವಾರಗಳಲ್ಲಿ ಗಾಳಿ ಉತ್ತರಕ್ಕೇ ಬೀಸುತ್ತಿದೆಯೇ ಎಂದು ಅಂಗಳದಲ್ಲಿ ಬೆರಳು ಒದ್ದೆ ಮಾಡಿ ಹಿಡಿದು ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ರಾಮಾನುಜನವರ ಮನೆಯ ಕಿಟಕಿಗಳು ಭಾನುವಾರ ಮುಚ್ಚಿರುತ್ತಿದ್ದವು.

ಜಗಳವಾದದ್ದು ನಲ್ಲಿಯಲ್ಲಿ. ಅಂಗಳದಲ್ಲಿ ಎರಡು ಮನೆಗೂ ಸೇರಿ ಒಂದೇ ಹಿತ್ತಾಳೆ ನಲ್ಲಿ. ಮೊದಲ ವಾರವೇ ಬೈರಮ್ಮನವರು ಗಮನಿಸಿದರು, ತಾವು ಬಿಂದಿಗೆ ತುಂಬಿಕೊಂಡು ಬಂದ ಮೇಲೆ ಅಲಮೇಲು ಅವರು ನಲ್ಲಿಯ ಮೇಲೆ ಒಂದು ಚೊಂಬು ನೀರು ಹುಯ್ದು ತೊಳೆದು, ಆಮೇಲೆ ಮುಟ್ಟುತ್ತಾರೆ. ಮಾರನೆಯ ದಿನ ಅಲಮೇಲು ಅವರು ಹಿಡಿದು ಹೋದ ಮೇಲೆ ಬೈರಮ್ಮನವರೂ ಹೋಗಿ ಎರಡು ಚೊಂಬು ನೀರು ಹುಯ್ದು ತೊಳೆದರು. ಅಲಮೇಲು ಅವರು ಕಿಟಕಿಯಿಂದ ನೋಡಿದರು. ಮುಂದಿನ ದಿನ ಅಲಮೇಲು ಅವರು ಹುಣಸೆಹಣ್ಣು ಹಾಕಿ ತಿಕ್ಕಿದರು. ಬೈರಮ್ಮನವರು ಹುಣಸೆಹಣ್ಣಿನ ಜೊತೆಗೆ ಬೂದಿ ತಂದರು. ನಲ್ಲಿಯ ವಿಷಯ ಯಾರೂ ಯಾರಿಗೂ ಒಂದು ಮಾತು ಆಡಲಿಲ್ಲ, ಎದುರಿಗೆ ಸಿಕ್ಕರೆ ಮಕ್ಕಳ ಓದಿನ ವಿಷಯ, ಹೆಂಚಿನ ವಿಷಯ ಮಾತಾಡುತ್ತಿದ್ದರು. ಆದರೆ ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಇಬ್ಬರೂ ಸೇರಿ ಆ ನಲ್ಲಿಯನ್ನು ದಿನಕ್ಕೆ ಏಳೆಂಟು ಸಲ ತಿಕ್ಕಿದರು. ಅದು ಬಿಸಿಲಿಗೆ ಚಿನ್ನದಂತೆ ಹೊಳೆಯುತ್ತಿತ್ತು. ಬೀದಿಯ ಹೆಂಗಸರು ನೆಪ ಮಾಡಿಕೊಂಡು ಬಂದು ನೋಡಿ ಹೋದರು. ಒಂದು ದಿನ ಹನುಮಂತಯ್ಯ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡರು.

ಬೇಸಿಗೆ ಬಂತು. ನಲ್ಲಿಯಲ್ಲಿ ನೀರು ಬೆಳಿಗ್ಗೆ ಅರ್ಧ ಗಂಟೆ ಬಂದರೆ ಹೆಚ್ಚಾಯಿತು. ಎರಡು ಮನೆಗೆ ಕುಡಿಯುವುದಕ್ಕೆ, ಅಡುಗೆಗೆ, ಸ್ನಾನಕ್ಕೆ ಎಲ್ಲ ಅದರಲ್ಲೇ ಆಗಬೇಕು. ಮೊದಲ ದಿನ ಅಲಮೇಲು ಅವರು ಚೊಂಬಿನಲ್ಲಿ ನೀರು ಹಿಡಿದು ನಲ್ಲಿಯ ಮೇಲೆ ಹುಯ್ಯಲು ಕೈಯೆತ್ತಿದರು. ಹಿಂದೆ ಬೈರಮ್ಮನವರು ಖಾಲಿ ಬಿಂದಿಗೆ ಹಿಡಿದು ಕಾಯುತ್ತಿದ್ದರು, ಅವರ ಶಾಲೆಗೆ ಹೊತ್ತಾಗುತ್ತಿತ್ತು. ಅಲಮೇಲು ಅವರು ಆ ಚೊಂಬಿನ ನೀರನ್ನು ನೋಡಿದರು, ಬಿಂದಿಗೆಯನ್ನು ನೋಡಿದರು, ನೀರನ್ನು ಬಿಂದಿಗೆಗೇ ಹುಯ್ದರು. ನೀವು ಹಿಡ್ಕೊಳ್ಳಿ, ನಾನು ಕೊಡ ತರ್ತೀನಿ ಎಂದು ಒಳಗೆ ಹೋದರು. ಆ ಬೇಸಿಗೆ ಪೂರ್ತಿ ಒಬ್ಬರು ಹಿಡಿಯುವುದು, ಒಬ್ಬರು ಒಳಗೆ ಸಾಗಿಸುವುದು ಎಂದು ಮಾಡಿಕೊಂಡರು. ಯಾರ ಪಾತ್ರೆ ಯಾರ ಕೈಯಲ್ಲಿ ಎಂದು ನೋಡಲು ಪುರುಸೊತ್ತಿರಲಿಲ್ಲ. ಮಳೆ ಬಂದು ನೀರು ಮತ್ತೆ ಧಾರಾಳವಾದಾಗ ತೊಳೆಯುವುದನ್ನು ಮತ್ತೆ ಶುರುಮಾಡುವುದಕ್ಕೆ ಇಬ್ಬರಿಗೂ ನಾಚಿಕೆಯಾಯಿತು. ನಲ್ಲಿ ಮೆಲ್ಲಗೆ ಎಲ್ಲ ನಲ್ಲಿಗಳಂತೆ ಹಸಿರುಗಟ್ಟಿತು.

ಅವರು ಆ ಮನೆಯಲ್ಲಿ ಹತ್ತು ವರ್ಷ ಇದ್ದರು. ಸುಜಾತ ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋದಳು, ಚಿಕ್ಕವಳು ಅವಳ ಹಿಂದೆಯೇ ಬಂದಳು. ಹನುಮಂತಯ್ಯ ದಿನಾ ಬಸ್ಸು ಹುಟ್ಟುವ ಮೊದಲೇ ಹೋಗಿ ಬಲಗಡೆಯ ಎರಡನೇ ಕಿಟಕಿಯಲ್ಲಿ ಕೂತು, ಆಫೀಸಿನಲ್ಲಿ ಎಷ್ಟು ಚುರುಕಾಗಿ ಕೆಲಸ ಮಾಡಿದರೆಂದರೆ ಅವರಿಗೆ ಬಡ್ತಿ ಬಂತು. ಬೈರಮ್ಮನವರು ಬೆಳಿಗ್ಗೆ ಹಳಿ ದಾಟಿ ಶಾಲೆಗೆ ಹೋಗಿ ಸಂಜೆ ಬರುತ್ತಿದ್ದರು. ಅಲಮೇಲು ಅವರ ಕಡೆಯ ಹೆಂಚು, ಬೀರುವಿನ ಬಾಗಿಲು, ಹಿತ್ತಲ ಮೋರಿ ಎಲ್ಲ ಒಂದೊಂದಾಗಿ ರಿಪೇರಿಯಾದವು. ಅಲಮೇಲು ಅವರು ಬೈರಮ್ಮನವರ ಕಿವಿಯಲ್ಲಿ ಹೇಳುತ್ತಿದ್ದರು, ಬೈರಮ್ಮನವರು ಶೀನಣ್ಣನವರ ಎದುರಿಗೆ ಮೂಗು ಮುರಿಯುತ್ತಿದ್ದರು, ವಾರದೊಳಗೆ ಗಾರೆಯವನು ಬರುತ್ತಿದ್ದ.

ಎಂಬತ್ತಾರರಲ್ಲಿ ಹನುಮಂತಯ್ಯನವರಿಗೆ ಊರಾಚೆಯ ಹೊಸ ಬಡಾವಣೆಯಲ್ಲಿ ಒಂದು ಸೈಟು ಮಂಜೂರಾಯಿತು. ನೋಡಿಕೊಂಡು ಬರಲು ಎರಡು ಮನೆಯವರೂ ಒಟ್ಟಿಗೆ ಹೊರಟರು. ಬಸ್ಸು ಇಳಿದು ಒಂದು ಮೈಲಿ ಹೊಲದಲ್ಲಿ ನಡೆಯಬೇಕಾಯಿತು. ಅಲ್ಲಿ ಮನೆಗಳಿರಲಿ, ರಸ್ತೆಯೂ ಇರಲಿಲ್ಲ. ಕಣ್ಣು ಹಾಯುವವರೆಗೂ ನಂಬರು ಬರೆದ ಕಲ್ಲುಗಳು. ಶೀನಣ್ಣನವರು ನಕ್ಷೆಯನ್ನು ಎಷ್ಟೋ ರೀತಿಯಲ್ಲಿ ತಿರುಗಿಸಿ ನೋಡಿ, ಒಂದು ಬೇವಿನ ಗಿಡದ ಪಕ್ಕದ ಕಲ್ಲನ್ನು ಮುಟ್ಟಿ ಇದೇ ಎಂದು ತೀರ್ಪು ಕೊಟ್ಟರು. ಎಲ್ಲರೂ ಅಲ್ಲೇ ಜಮಖಾನ ಹಾಸಿ ಕೂತರು. ಬೈರಮ್ಮನವರ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅಲಮೇಲು ಅವರ ಪುಳಿಯೋಗರೆ. ಅಲಮೇಲು ಅವರು ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡರು. ಹನುಮಂತಯ್ಯ ಮಲಗಲು ಜಾಗ ನೋಡಿಕೊಳ್ಳುತ್ತಿದ್ದರು, ಬೈರಮ್ಮನವರು ಕಡ್ಡಿಯಿಂದ ಮಣ್ಣಿನ ಮೇಲೆ ಅಡುಗೆಮನೆ ಎಲ್ಲಿ, ನಡುಮನೆ ಎಲ್ಲಿ ಎಂದು ಗೆರೆ ಎಳೆಯುತ್ತಿದ್ದರು.

ಅಷ್ಟರಲ್ಲಿ ದೂರದಿಂದ ಇನ್ನೊಂದು ಸಂಸಾರ, ಗಂಡ, ಹೆಂಡತಿ, ಕಂಕುಳಲ್ಲಿ ಒಂದು ಮಗು, ನಡೆದುಕೊಂಡು ಬಂತು. ಆತ ಕೈಯಲ್ಲಿದ್ದ ಕಾಗದ ನೋಡಿ, ಕಲ್ಲು ನೋಡಿ, ಬಹಳ ಸಂಕೋಚದಿಂದ, ನೀವು ಊಟಕ್ಕೆ ಕೂತಿರೋದು ನಮ್ಮ ಸೈಟು ಅಂತ ಕಾಣತ್ತೆ ಎಂದರು. ಹೆಸರು ಅಪ್ಪಯ್ಯ, ಊರಿನಲ್ಲಿ ಎಲ್ಲೋ ಲೇತ್ ಕೆಲಸ. ಶೀನಣ್ಣನವರು ಸರ್ವೇ ಇಲಾಖೆಯನ್ನು ಬೈದರು. ಹನುಮಂತಯ್ಯನವರ ಸೈಟು ಅಲ್ಲಿಂದ ಎರಡು ಕಲ್ಲು ಆಚೆ ಇತ್ತು, ಅದರ ಮಧ್ಯದಲ್ಲಿ ಎದೆಯೆತ್ತರದ ಹುತ್ತ.

ಜಮಖಾನ ಎತ್ತಿಕೊಂಡು ಹೋಗುವುದು ಯಾರಿಗೂ ಬೇಕಿರಲಿಲ್ಲ. ಬೈರಮ್ಮನವರು ಸರಿದು ಜಾಗ ಮಾಡಿ ಅಪ್ಪಯ್ಯನವರ ಹೆಂಡತಿಯನ್ನು ಕೂರಿಸಿ, ಎರಡು ರೊಟ್ಟಿ ಹಾಕಿ ಕೊಟ್ಟರು. ಇಲ್ಲಿಗೆ ಯಾವ ಬಸ್ಸಿನಲ್ಲಿ ಬಂದಿರಿ ಎಂದು ಅಪ್ಪಯ್ಯ ಕೇಳಿದರು. ಹನುಮಂತಯ್ಯ ಎದ್ದು ಕೂತು, ನಂಬರು ಹೇಳಿ, ಅದು ಎಲ್ಲಿ ಹೊರಡುತ್ತದೆ, ಎಲ್ಲಿ ತುಂಬುತ್ತದೆ ಎಂದು ಮೊದಲಿನಿಂದ ವಿವರಿಸಲು ಶುರುಮಾಡಿದರು. ಮಗು ಪುಳಿಯೋಗರೆಗೆ ಕೈ ಚಾಚಿತು. ಅಲಮೇಲು ಅವರು ಅದನ್ನು ತೊಡೆಯ ಮೇಲೆ ಎತ್ತಿಕೊಂಡು, ಒಂದು ತುತ್ತಿನಿಂದ ಮೆಣಸಿನಕಾಯಿ ಆರಿಸಿ ತೆಗೆಯತೊಡಗಿದರು.